ಯಾವ ಬ್ಯಾಳಿ ತಂಗಿ ಇದು?

ನನ್ನ ಮೊದಲ ಹಾಡನ್ನು ಮೊದಲು ಕೇಳಿದವಳು ಅವ್ವ. 2011ರಲ್ಲಿ, ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆಯಲ್ಲಿ. ಅವಳು ನೆಲದ ಮೇಲೆ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ನಾನು ಬಾಗಿಲಿಗೆ ಒರಗಿ, ಗಿಟಾರ್ ಹಿಡಿದು ಹಾಡಿದೆ. ಊರಿನ ಹೊಲದ ಬಗ್ಗೆ ಬರೆದ ಹಾಡು ಅದು. ‘ಬೆಳೆ ಬಂತು’ ಅನ್ನುವ ಮಾತು ನಾಲ್ಕು ಸಲ ಬರುತ್ತಿತ್ತು. ಅವ್ವ ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು:

“ಛಲೋ ಐತಿ. ಆದ್ರ ಯಾವ ಬ್ಯಾಳಿ ತಂಗಿ ಇದು? ತೊಗರಿದೋ, ಕಡ್ಲಿದೋ?”

ತಮಾಷೆಗೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ನನ್ನ ರಾಗ ‘ಬೆ’ ಅಕ್ಷರದ ಮೇಲೆ ನಾಲ್ಕು ಎಣಿಕೆ ನಿಲ್ಲುತ್ತಿತ್ತು. ಬೆಳೆ ಹೋಗಿ ಬೇಳೆ ಆಗಿತ್ತು. ಹೊಲದಲ್ಲಿ ನಿಂತ ಜೋಳವನ್ನು ನಾನು ಡಬ್ಬಿಯೊಳಗೆ ಸುರಿದಿದ್ದೆ.

ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನನ್ನ ಸಂಗೀತದ ಇಷ್ಟು ವರ್ಷ ಹೋಗಿದೆ. ಯಾರಾದರೂ ನಿಮ್ಮ ಮೇಲೆ ಯಾರ ಪ್ರಭಾವ ಜಾಸ್ತಿ ಎಂದು ಕೇಳಿದರೆ ದೊಡ್ಡ ಹೆಸರುಗಳನ್ನು ಹೇಳಬೇಕು ಅನ್ನಿಸುತ್ತದೆ. ಹೇಳುತ್ತೇನೆ ಕೂಡ. ಆದರೆ ಮೊದಲು ಬರುವುದು ಈ ಬೇಳೆಯೇ.

ನಮ್ಮದು ಗದಗ ಕಡೆ. ಅಪ್ಪ ರೈಲ್ವೆಯಲ್ಲಿ ಕ್ಲಾರ್ಕ್ ಆಗಿದ್ದರು. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೇ. ಶಾಲೆ ಇಂಗ್ಲಿಷಿನಲ್ಲಿ, ಆಟ ಮರಾಠಿಯಲ್ಲಿ, ಬೈಗುಳ ಹಿಂದಿಯಲ್ಲಿ, ಊಟ ಕನ್ನಡದಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ಅವ್ವ. ಊರಿಂದ ತಂದ ಅಂಕಲಿಪಿ ಒಂದು ಇತ್ತು. ‘ಅ’ ಆದಮೇಲೆ ‘ಆ’, ‘ಇ’ ಆದಮೇಲೆ ‘ಈ’. ಒಂದಕ್ಕೆ ಬಾಯಿ ಬೇಗ ಮುಚ್ಚು, ಇನ್ನೊಂದಕ್ಕೆ ಸ್ವಲ್ಪ ತಡಿ ಎಂದು ಅವಳು ಬೆರಳು ಎತ್ತಿ ತೋರಿಸುತ್ತಿದ್ದಳು. ಹಾಡು ಬರೆಯುವವಳಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ ಎಂದು ಆಗ ಯಾರಿಗೆ ಗೊತ್ತಿತ್ತು?

ಅಪ್ಪನಿಗೆ ಭೀಮಸೇನ ಜೋಶಿ ಅಂದರೆ ಜೀವ. ನಮ್ಮ ಗದಗಿನವರು ಎಂಬ ಪ್ರೀತಿ ಅದರಲ್ಲಿ ಅರ್ಧ. ಗುರುವನ್ನು ಹುಡುಕಿ ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ರೈಲು ಹತ್ತಿದ ಹುಡುಗ ಎಂದು ಆ ಕಥೆಯನ್ನು ನನಗೆ ಎಷ್ಟು ಸಲ ಹೇಳಿದ್ದರೋ. ಪ್ರತಿ ಡಿಸೆಂಬರಿಗೆ ಅಪ್ಪ ಪುಣೆಗೆ, ಸವಾಯಿ ಗಂಧರ್ವ ಮಹೋತ್ಸವಕ್ಕೆ ಹೋಗುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ, ಶಿಷ್ಯ ಭೀಮಸೇನರು 1953ರಲ್ಲಿ ಶುರು ಮಾಡಿದ ಉತ್ಸವ ಅದು. ಗುರುವೂ ಶಿಷ್ಯನೂ ಕನ್ನಡನಾಡಿನವರು, ಉತ್ಸವ ಮಾತ್ರ ಪುಣೆಯದು. ಅಪ್ಪನಿಗೆ ಇದು ಸಹಜ ಅನ್ನಿಸುತ್ತಿತ್ತು. ಅವರ ಬದುಕೂ ಹಾಗೇ ಇತ್ತಲ್ಲ.

ತೊಂಬತ್ತರ ದಶಕದಲ್ಲಿ ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ನನಗೆ ಒಂಬತ್ತು ವರ್ಷ ಇರಬೇಕು. ರಮಣಬಾಗ್ ಶಾಲೆಯ ಮೈದಾನ. ಕೆಳಗೆ ಕೂತು ಕೇಳುವ ಜಾಗದಲ್ಲಿ ಅಪ್ಪನ ಶಾಲಿನೊಳಗೆ ನಾನು ನಿದ್ದೆ ಹೋಗಿದ್ದೆ. ರಾತ್ರಿಯೆಲ್ಲ ಹಾಡು ನಡೆಯುತ್ತಿದ್ದ ಕಾಲ. ಬೆಳಗಿನ ಜಾವದ ಚಳಿಯಲ್ಲಿ ಅಪ್ಪ ನನ್ನ ಭುಜ ಅಲ್ಲಾಡಿಸಿ, “ಏಳವ್ವಾ, ಭೀಮಣ್ಣ ಕುಂತಾರ” ಎಂದರು. ಕಣ್ಣು ಬಿಟ್ಟಾಗ ಒಂದೇ ಒಂದು ‘ಆ’ ಕೇಳಿಸುತ್ತಿತ್ತು. ಎಲ್ಲಿಂದ ಶುರುವಾಯಿತೋ, ಎಲ್ಲಿ ಮುಗಿಯುವುದೋ ಗೊತ್ತಾಗದ ‘ಆ’. ಮಾತು ಯಾವುದೆಂದು ತಿಳಿಯಲಿಲ್ಲ. ತಿಳಿಯಬೇಕು ಅಂತಲೂ ಅನ್ನಿಸಲಿಲ್ಲ.

ಆ ‘ಆ’ ನನ್ನೊಳಗೆ ಇಳಿದು ಕೂತಿತು. ದನಿಯನ್ನು ಎಳೆಯುವುದೇ ಹಾಡು ಎಂದು ಬಹಳ ವರ್ಷ ನಂಬಿದ್ದೆ. ಹಿಂದುಸ್ತಾನಿಯ ಖಯಾಲ್ ಗಾಯನದಲ್ಲಿ ಅದು ಸರಿ. ಅಲ್ಲಿ ಮಾತು ಒಂದು ಗೂಟ ಇದ್ದ ಹಾಗೆ, ರಾಗ ಅದರ ಸುತ್ತ ಎಷ್ಟು ದೂರ ಬೇಕಾದರೂ ಹೋಗಿ ಬರಬಹುದು. ಅದೇ ಭೀಮಸೇನರು ದಾಸರ ಪದ ಹಾಡುವಾಗ ಬೇರೆ ಮನುಷ್ಯ. ಕ್ಯಾಸೆಟ್ಟಿನಲ್ಲಿ ಕೇಳಿ ನೋಡಿ. ಪದದ ಒಂದು ಅಕ್ಷರವೂ ಮುರಿಯುವುದಿಲ್ಲ. ಮಾತು ಮುಗಿದ ಮೇಲೆ, ಅದರ ಬಾಲ ಹಿಡಿದು ಮೇಲೆ ಏರುತ್ತಾರೆ. ಇದನ್ನು ನಾನು ಗಮನಿಸಿದ್ದು ಬಹಳ ತಡವಾಗಿ.

ಇನ್ನೊಂದು ಶಾಲೆ ಲೋಕಲ್ ಗಾಡಿ. ಕಾಲೇಜಿಗೂ ಆಮೇಲೆ ಕೆಲಸಕ್ಕೂ ಬೆಳಗಿನ ಗಾಡಿಯಲ್ಲಿ ಹೆಂಗಸರ ಡಬ್ಬಿಯಲ್ಲಿ ಹೋಗುತ್ತಿದ್ದೆ. ತಂತಿಜಾಲರಿಯ ಆಚೆ ಗಂಡಸರ ಡಬ್ಬಿ. ಅಲ್ಲಿ ಭಜನೆ ಮಂಡಳಿ ಇತ್ತು. ಕೈಯಲ್ಲಿ ತಾಳ, ಒಂದು ಢೋಲಕಿ, ಢೋಲಕಿ ಬಾರದ ದಿನ ಡಬ್ಬಿಯ ಗೋಡೆಯೇ ಢೋಲಕಿ. ಠಾಣೆ ದಾಟುವ ಹೊತ್ತಿಗೆ ವಿಠ್ಠಲನ ಹೆಸರು ಮೇಲಕ್ಕೆ ಹೋಗಿರುತ್ತಿತ್ತು. ಮನೆಯಲ್ಲಿ ಅಪ್ಪನ ಬಾಯಲ್ಲಿ ಪುರಂದರ ವಿಠಲ, ಗಾಡಿಯಲ್ಲಿ ತುಕಾರಾಮನ ವಿಠ್ಠಲ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಮಾವಶಿ ಒಬ್ಬರು ನಾನು ಕನ್ನಡದವಳು ಎಂದು ತಿಳಿದು ಒಂದು ಸಾಲು ಹೇಳಿದರು. ಜ್ಞಾನೇಶ್ವರರ ಅಭಂಗ, ಅಂದರೆ ಮರಾಠಿ ಭಕ್ತಿಪದ: ‘ಕಾನಡಾ ಹೋ ವಿಠ್ಠಲು ಕರ್ನಾಟಕು’. ನಮ್ಮ ವಿಠ್ಠಲ ನಿಮ್ಮವನೇ ನೋಡು ಎಂದರು. ಆ ದಿನ ದಾದರಿನಲ್ಲಿ ಇಳಿದು ನಡೆಯುವಾಗ ಕಾಲು ನೆಲದ ಮೇಲೆ ಇರಲಿಲ್ಲ. ಈ ಊರಿನಲ್ಲಿ ನಾನು ಬಾಡಿಗೆಗೆ ಇದ್ದೇನೆ ಎಂಬ ಭಾವ ಅವತ್ತು ಸ್ವಲ್ಪ ಕಡಿಮೆಯಾಯಿತು.

ಆದರೆ ನನ್ನ ಬೆಳೆಯನ್ನು ಬೇಳೆ ಮಾಡಿದ್ದರಲ್ಲಿ ಅಭಂಗದ್ದೂ ಒಂದು ಪಾಲಿದೆ. ಆಮೇಲೆ ಕೂತು ಲೆಕ್ಕ ಹಾಕಿದಾಗ ತಿಳಿಯಿತು. ಅಭಂಗದಲ್ಲಿ ಎಣಿಸುವುದು ಅಕ್ಷರವನ್ನು. ದೊಡ್ಡ ಅಭಂಗವಾದರೆ ಆರು, ಆರು, ಆರು, ಆಮೇಲೆ ನಾಲ್ಕು. ಅಕ್ಷರ ಗಿಡ್ಡವೋ ಉದ್ದವೋ ಎಂಬ ಕಟ್ಟು ಇಲ್ಲ. ಹಾಡುವವನು ತನಗೆ ಬೇಕಾದಲ್ಲಿ ಎಳೆಯಬಹುದು. ನಮ್ಮ ಷಟ್ಪದಿಯಲ್ಲಿ ಹಾಗಲ್ಲ. ಶಾಲೆಯಲ್ಲಿ ಕನ್ನಡ ಓದಿದವರಿಗೆಲ್ಲ ಗೊತ್ತು, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾನು ಗಾಡಿಯಲ್ಲಿ ಕೇಳಿದ ಧಾಟಿಯನ್ನು ಗಿಟಾರಿಗೆ ಹಾಕಿ, ಅದರೊಳಗೆ ಕನ್ನಡ ಮಾತು ತುಂಬುತ್ತಿದ್ದೆ. ಮಾತು ಹಿಗ್ಗಬೇಕಾಯಿತು. ಹಿಗ್ಗಿದ ಕಡೆ ಅರ್ಥ ಬದಲಾಯಿತು.

ಗಿಟಾರ್ ತೆಗೆದುಕೊಂಡದ್ದು 2006ರಲ್ಲಿ. ಮುಂಬೈಯ ಧೋಬಿ ತಲಾವ್‌ನಲ್ಲಿ ಫರ್ಟಾಡೋಸ್ ಎಂಬ ವಾದ್ಯಗಳ ಅಂಗಡಿ ಇದೆಯಲ್ಲ, 1865ರಿಂದ ನಡೆಯುತ್ತಿರುವುದು, ಅಲ್ಲಿ ಹೋಗಿ ನೋಡಿ ಬರುವುದೇ ನನಗೆ ಹಬ್ಬ. ಕೊನೆಗೆ ಕೊಂಡದ್ದು ಕೋಲ್ಕತ್ತದ ಗಿವ್ಸನ್, ಒಬ್ಬ ಸೀನಿಯರ್ ಕೈಯಿಂದ, ಹಳೆಯದು. ತಂತಿ ಎಷ್ಟು ಮೇಲಿತ್ತೆಂದರೆ ಒತ್ತಿದರೆ ಬೆರಳು ಸೀಳುತ್ತಿತ್ತು. ಎರಡು ವರ್ಷ ಇಂಗ್ಲಿಷ್ ಹಾಡುಗಳನ್ನೇ ಬಾರಿಸಿದೆ. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂತು. ಗಿಟಾರಿನ ಜೊತೆಗೆ ಶಿಶುನಾಳ ಶರೀಫರು! ಅದೂ ಹಿಂದಿ ಸಿನಿಮಾಕ್ಕೆ ಸಂಗೀತ ಮಾಡುವ ಮುಂಬೈಯ ವಿಶಾಲ್–ಶೇಖರ್ ತಂದ ಆಲ್ಬಮ್. ನಮ್ಮ ಮನೆಯೊಳಗಿನ ಭಾಷೆ ಹೊರಗಿನ ಸ್ಪೀಕರಿನಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವತ್ತೇ ಕನ್ನಡದಲ್ಲಿ ಬರೆಯಲು ಕೂತೆ. ಮೂರು ವರ್ಷ ಹರಿದು ಎಸೆದೆ. ಆಮೇಲೆ ಬಂದದ್ದು ಆ ಬೆಳೆ ಹಾಡು.

ಅವ್ವನ ಪ್ರಶ್ನೆ ಆದಮೇಲೆ ಒಂದು ನೋಟ್‌ಬುಕ್ ಇಟ್ಟೆ. ಎಳೆದರೆ ಕೆಡುವ ಮಾತುಗಳನ್ನು ಬರೆಯುತ್ತಾ ಹೋದೆ. ಬಳೆ ಎಳೆದರೆ ಬಾಳೆ. ಹಳೆ ಎಳೆದರೆ ಹಾಳೆ. ಮರ ಎಳೆದರೆ ಮಾರ. ಮನೆ ಎಳೆದರೆ ಮಾನೆ, ಇಲ್ಲಿ ಮುಂಬೈಯಲ್ಲಿ ಅದು ಪಕ್ಕದ ಮನೆಯವರ ಅಡ್ಡಹೆಸರು. ಬರೆಯುತ್ತಾ ಇನ್ನೊಂದು ಕಂಡಿತು. ನನಗೆ ಅತಿ ಹತ್ತಿರದ ಮಾತುಗಳೆಲ್ಲ ಗಿಡ್ಡ. ಮನೆ, ಮಳೆ, ಹೊಲ, ಕೆರೆ, ಮರ, ಮಗು. ಎರಡೇ ಲಘು, ಎರಡೇ ಮಾತ್ರೆ. ನಾವು ಯಾವುದನ್ನು ಹಿಡಿದು ನಿಲ್ಲಿಸಬೇಕು ಅಂದುಕೊಳ್ಳುತ್ತೇವೋ ಅವೇ ಕೈಯಿಂದ ಓಡಿಹೋಗುತ್ತವೆ. ಇವನ್ನು ಹೇಗೆ ಹಾಡುವುದು?

ಉತ್ತರ ಮನೆಯಲ್ಲೇ ಇತ್ತು. ಅವ್ವ ರೊಟ್ಟಿ ಬಡಿಯುವಾಗ ಪದ ಹೇಳುತ್ತಾಳೆ. ಊರಿನಲ್ಲಿ ಅವಳ ಅವ್ವ ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದ ತ್ರಿಪದಿಗಳು. ಡೊಂಬಿವಲಿಯ ಎರಡು ಕೋಣೆಯಲ್ಲಿ ಬೀಸುವ ಕಲ್ಲಿಗೆ ಎಲ್ಲಿ ಜಾಗ? ಹಿಟ್ಟು ಗಿರಣಿಯಿಂದ ಬರುತ್ತದೆ. ಪದ ಮಾತ್ರ ಕಲ್ಲು ಬಿಟ್ಟು ರೊಟ್ಟಿಗೆ ಬಂತು. ಹುಟ್ಟಿದಾಗಿನಿಂದ ಕೇಳಿದ್ದೇನೆ, ಆದರೆ ಕಿವಿಗೊಟ್ಟಿರಲಿಲ್ಲ. 2012ರ ಒಂದು ಭಾನುವಾರ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡೆ.

ಅಂಗೈ ಹಿಟ್ಟಿನ ಮೇಲೆ ಬೀಳುವ ಸದ್ದು ತಗ್ಗು. ಅದರ ಹಿಂದೆಯೇ ಬಳೆಗಳ ಸದ್ದು, ತೆಳ್ಳಗೆ. ನಾಲ್ಕೈದು ಏಟಿಗೊಮ್ಮೆ ರೊಟ್ಟಿ ತಿರುಗಿಸಲು ಒಂದು ಬಿಡುವು. ಆ ಬಿಡುವಿನಲ್ಲಿ ಅವಳು ಉಸಿರು ತೆಗೆದುಕೊಳ್ಳುತ್ತಾಳೆ. ಮಾತಿನ ನಡುವೆ ಎಲ್ಲೂ ಎಳೆಯುವುದಿಲ್ಲ. ಎಳೆದರೆ ಕೊನೆಯ ಅಕ್ಷರವನ್ನು. ‘ಮಳೆ’ ಎಂದು ಬೇಗ ಹೇಳಿ ಮುಗಿಸಿ, ಆಮೇಲೆ ಬರೀ ‘ಏ’ಯನ್ನು ಹಿಡಿದು ಹೋಗುತ್ತಾಳೆ. ಮಾತು ಇಡಿಯಾಗಿ ಕೇಳುಗನಿಗೆ ತಲುಪಿದೆ. ಇನ್ನು ರಾಗ ಎಷ್ಟು ಬೇಕಾದರೂ ನಿಲ್ಲಲಿ. ಇನ್ನೊಂದು, ಎರಡನೆಯ ಸಾಲಿನ ಒಂದು ತುಂಡನ್ನು ಮತ್ತೆ ಹೇಳಿಯೇ ಮೂರನೆಯದಕ್ಕೆ ಹೋಗುತ್ತಾಳೆ. ಯಾಕೆ ಎಂದು ಕೇಳಿದೆ. “ಇಲ್ಲಾಂದ್ರ ಕೈ ನಿಲ್ತದ” ಅಂದಳು. ಮೂರು ಸಾಲಿನ ಪದ ಹಾಡಿನಲ್ಲಿ ಹೆಚ್ಚುಕಡಿಮೆ ನಾಲ್ಕು ಸಾಲಿನಷ್ಟು ಆಗುವ ಗುಟ್ಟು ಕೈಯಲ್ಲಿತ್ತು.

ಭೀಮಸೇನರು ದಾಸರ ಪದದಲ್ಲಿ ಮಾಡುತ್ತಿದ್ದದ್ದೂ ಇದೇ ಅಲ್ವಾ? ಗದಗಿನ ಎರಡು ದನಿಗಳು, ಒಂದು ಪುಣೆಯ ವೇದಿಕೆಯಲ್ಲಿ, ಒಂದು ನಮ್ಮ ಒಲೆಯ ಮುಂದೆ.

ಅಲ್ಲಿಂದ ನನ್ನ ಕೆಲಸದ ರೀತಿ ತಿರುಗಿತು. ಮೊದಲು ಮಾತು, ಆಮೇಲೆ ರಾಗ. ಗಿಟಾರನ್ನು ಮೂಲೆಯಲ್ಲಿ ಇಟ್ಟು, ಸಾಲನ್ನು ಬಾಯಲ್ಲಿ ಹೇಳಿಕೊಂಡು ನಡೆಯುತ್ತೇನೆ. ಸ್ಟೇಷನ್ನಿನಿಂದ ಮನೆಗೆ ಹದಿನೆಂಟು ನಿಮಿಷ. ನಡೆಯುವಾಗ ಯಾವ ಅಕ್ಷರ ತಾನಾಗಿ ಎದ್ದು ನಿಲ್ಲುತ್ತದೋ ಅದರ ಮೇಲೆ ಪೆನ್ಸಿಲ್ಲಿನಿಂದ ಗೆರೆ. ಆಮೇಲೆ ಗಿಟಾರ್. ಅದನ್ನೂ ಬೇರೆ ಥರ ಶ್ರುತಿ ಮಾಡುತ್ತೇನೆ: ಡಿ, ಎ, ಡಿ, ಜಿ, ಎ, ಡಿ. ಡಿಯನ್ನು ಷಡ್ಜ ಎಂದುಕೊಂಡರೆ ಸ, ಪ, ಸ, ಮ, ಪ, ಸ. ಇದರಲ್ಲಿ ಗಾಂಧಾರ, ಅಂದರೆ ‘ಗ’, ಇಲ್ಲ. ಹಾಗಾಗಿ ಗಿಟಾರ್ ಮೊದಲೇ ಇದು ಮೇಜರ್, ಇದು ಮೈನರ್ ಎಂದು ತೀರ್ಪು ಕೊಡುವುದಿಲ್ಲ. ತಂಬೂರಿಯ ಹಾಗೆ ಸುಮ್ನೆ ಹಿಂದೆ ಇರುತ್ತದೆ. ಗಾಂಧಾರ ಯಾವುದೆಂದು ನನ್ನ ಗಂಟಲು ಹೇಳಬೇಕು.

ಬರೆಯುವ ಭಾಷೆಯ ಬಗ್ಗೆ ಬಹಳ ದಿನ ಅಂಜಿಕೆ ಇತ್ತು. ನಮ್ಮ ಮನೆಯ ಕನ್ನಡದಲ್ಲಿ ಗದಗಿನ ಮಾತಿದೆ, ಮರಾಠಿ ಇದೆ. ಇದು ಶುದ್ಧ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡು ಪುಸ್ತಕದ ಮಾತಿನಲ್ಲಿ ಬರೆಯುತ್ತಿದ್ದೆ. ಬೇಂದ್ರೆಯವರನ್ನು ಓದಿದ ಮೇಲೆ ಆ ಅಂಜಿಕೆ ಹೋಯಿತು. ಅವರ ಮನೆಮಾತು ಮರಾಠಿ. 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಕನ್ನಡ ಪಾಠ ಹೇಳಿದರು. ಬರೆದದ್ದು ಧಾರವಾಡದ ಬೀದಿಯ ಕನ್ನಡದಲ್ಲಿ. ಅವರ ಸಾಲನ್ನು ಓದಿದರೆ ಸಾಕು, ರಾಗ ಯಾರೂ ಹಾಕಬೇಕಿಲ್ಲ, ಒಳಗೇ ಇದೆ. ನನಗೆ ಅವರು ದೊಡ್ಡ ಕವಿ ಎನ್ನುವುದಕ್ಕಿಂತ ಜಾಸ್ತಿ, ಧೈರ್ಯ ಕೊಟ್ಟ ಹಿರಿಯರು.

ಒಂದು ಸ್ಟುಡಿಯೋದ ಕಥೆ ಬೇಗ ಹೇಳಿ ಮುಗಿಸುತ್ತೇನೆ. 2014ರಲ್ಲಿ ಹನ್ನೆರಡು ಸಾವಿರ ರೂಪಾಯಿ ಕೂಡಿಸಿ ಎರಡು ಹಾಡು ರೆಕಾರ್ಡ್ ಮಾಡಿಸಿದೆ. ಅಲ್ಲಿ ನನ್ನ ದನಿಯನ್ನು ಕಂಪ್ಯೂಟರಿನಲ್ಲಿ ತಿದ್ದಿ ನೇರ ಮಾಡಿದರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜಾಗಗಳೆಲ್ಲ ಮೆಟ್ಟಿಲಾಗಿದ್ದವು. ಕೇಳಿದೆ, ಅತ್ತೆ, ಹೊರಗೆ ಬಿಡಲಿಲ್ಲ. ಅವತ್ತಿನಿಂದ ಮನೆಯಲ್ಲೇ ರೆಕಾರ್ಡಿಂಗ್.

ನಮ್ಮ ಮನೆ ರೈಲ್ವೆ ಹಳಿಯಿಂದ ದೂರ ಇಲ್ಲ. ಲೋಕಲ್ ನಿಂತ ಮೇಲೆ, ಸುಮಾರು ರಾತ್ರಿ ಒಂದೂವರೆಯಿಂದ ಮೂರೂವರೆವರೆಗೆ ಸಿಗುವುದು ನನ್ನ ಸಮಯ. ದೂರದ ಗಾಡಿಗಳು ಆಗಲೂ ಹೋಗುತ್ತವೆ. ಬಂದಾಗ ನಿಲ್ಲಿಸುತ್ತೇನೆ. ಫ್ಯಾನ್ ಬಂದ್, ಫ್ರಿಜ್ ಬಂದ್. ಕೋಣೆಯಲ್ಲಿ ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಫೋಮ್ ಕೊಳ್ಳಲು ದುಡ್ಡಿರಲಿಲ್ಲ. ಅವ್ವ ಹಳೆ ಸೀರೆಗಳನ್ನು ಹೊಲಿದು ಮಾಡಿದ ಕೌದಿಗಳು ಐದು ಇದ್ದವು. ಹಗ್ಗ ಕಟ್ಟಿ ಮೂರು ಕಡೆ ಇಳಿಬಿಟ್ಟೆ. ಕೌದಿ ಪದರ ಪದರವಾಗಿ ಇರುತ್ತದೆ, ದಪ್ಪ ಹತ್ತಿ. ಹಾಗಾಗಿ ಮೇಲಿನ ಚೂಪು ಸದ್ದನ್ನು ಚೆನ್ನಾಗಿ ಹೀರುತ್ತದೆ. ಕೆಳಗಿನ ಗುಂಯ್ ಎನ್ನುವುದನ್ನು ತಡೆಯುವುದಿಲ್ಲ, ಅದಕ್ಕೆ ಗೋಡೆಯಿಂದ ದೂರ, ಮೈಕಿಗೆ ಹತ್ತಿರ ನಿಂತು ಹಾಡಬೇಕು. ಅಜ್ಜಿಯ ಸೀರೆಯ ತುಂಡೂ ಆ ಕೌದಿಯಲ್ಲಿದೆ. ಅದು ನನ್ನ ಮುಖದ ಎದುರಿಗೇ ಬರುವ ಹಾಗೆ ಕಟ್ಟುತ್ತೇನೆ.

ಈವರೆಗೆ ಒಂಬತ್ತು ಹಾಡು ಹೊರಗೆ ಬಿಟ್ಟಿದ್ದೇನೆ. ಎರಡರಲ್ಲಿ ತಾಳಕ್ಕೆ ಅವ್ವನ ರೊಟ್ಟಿಯ ಸದ್ದೇ ಇದೆ. ಇದರಿಂದ ಹೊಟ್ಟೆ ತುಂಬುವುದಿಲ್ಲ, ಹಗಲು ಘಾಟ್‌ಕೋಪರಿನಲ್ಲಿ ಲೆಕ್ಕ ಬರೆಯುತ್ತೇನೆ. ಹೊಸದಾಗಿ ಬರೆಯುವವರಿಗೆ ಒಂದು ಮಾತು: ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ಕೂಡಿಸಿ ಕೊಡುವ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ, ಹಾಡುಗಳನ್ನು ನೋಂದಾಯಿಸಿ. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದಮೇಲೆ ಸಾಹಿತ್ಯ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಯಾರೂ ಬರೆಸಿಕೊಂಡು ಬಿಡಲು ಆಗುವುದಿಲ್ಲ. ಹಣ ಎಷ್ಟೇ ಇರಲಿ, ನಿಮ್ಮ ಹಾಡು ನಿಮ್ಮ ಹೆಸರಿನಲ್ಲಿ ಇರಲಿ.

ಬಾಂದ್ರಾದ ಒಂದು ಕೆಫೆಯಲ್ಲಿ ಒಮ್ಮೆ ಹಾಡಲು ಹೋದಾಗ, ಎರಡಾದರೂ ಹಿಂದಿ ಹಾಡಿ, ಕನ್ನಡ ಯಾರಿಗೆ ಅರ್ಥ ಆಗುತ್ತದೆ ಎಂದರು. ನಾನು ಕನ್ನಡವನ್ನೇ ಹಾಡಿದೆ. ಮುಗಿದ ಮೇಲೆ ಅಡುಗೆ ಕಡೆಯಿಂದ ಒಬ್ಬ ಹುಡುಗ ಕೈ ಒರೆಸಿಕೊಂಡು ಬಂದ. ಕುಂದಾಪುರದವನು. “ಅಕ್ಕಾ, ಮಳೆ ಹಾಡು ಇನ್ನೊಂದ್ ಸಲ ಹೇಳ್ತೀರಾ?” ಎಂದು ಕೇಳಿದ. ಮಳೆ ಎಂದೇ ಕೇಳಿಸಿತ್ತು ಅವನಿಗೆ. ನನಗೆ ಅಷ್ಟು ಸಾಕಾಗಿತ್ತು.

ಅಪ್ಪ 2019ರಲ್ಲಿ ಹೋದರು. ಅವರ ಬಗ್ಗೆ ಬರೆಯಲು ಬಹಳ ವರ್ಷ ಆಗಲಿಲ್ಲ. ಹೋದ ವರ್ಷ ಒಂದು ಸಾಲು ಬಂತು. ಅಪ್ಪ ಕಲ್ಯಾಣದಲ್ಲಿ ಗದಗಿನ ಗಾಡಿ ಹತ್ತಿ ಕಿಟಕಿಯಿಂದ ಕೈ ಬೀಸುತ್ತಿದ್ದರಲ್ಲ, ಆ ಚಿತ್ರ.

‘ಗಾಡಿ ಬಿಟ್ಟಿತು, ನೆನಪು ಉಳಿಯಿತು.’

ಎಣಿಸಿ ನೋಡಿದೆ. ಮೂರು–ನಾಲ್ಕು, ಮೂರು–ನಾಲ್ಕು. ಭಾಮಿನಿ ಷಟ್ಪದಿಯ ನಡೆ. ಸ್ನಾನ ಮಾಡಿ ಬಂದು ಅಪ್ಪ ಗುನುಗುತ್ತಿದ್ದ ಕುಮಾರವ್ಯಾಸನ ನಡೆ ಅದು. ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಆತ ಭಾರತ ಬರೆದ ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ಹುಡುಕಿ ತಂದದ್ದಲ್ಲ, ತಾನಾಗಿ ಬಂದಿತ್ತು. ಏಳು ಎಣಿಕೆಯಲ್ಲಿ ಗಿಟಾರ್ ಕೂಡಿಸಿದೆ. ಆದರೆ ‘ನೆನಪು’ ಹತ್ತಿರ ಬಂದಾಗಲೆಲ್ಲ ಹಾಡು ಎಡವುತ್ತಿತ್ತು. ರಾಗಕ್ಕೆ ಅಲ್ಲಿ ಒಂದು ಕ್ಷಣ ನಿಲ್ಲಬೇಕು. ನೆ, ನ, ಪು. ಮೂರೂ ಲಘು. ಕಾಲಿಡಲು ಜಾಗ ಇಲ್ಲ. ಎಂಟು ತಿಂಗಳು ಹಾಗೇ ಇತ್ತು.

ಹೋದ ಗುರುವಾರ ಬೆಳಿಗ್ಗೆ ಅಡುಗೆಮನೆಯಿಂದ ರೊಟ್ಟಿಯ ಸದ್ದು. ಅವ್ವ ನನ್ನ ಹಾಡು ಹೇಳುತ್ತಿದ್ದಳು. ನಾನು ರಾತ್ರಿಯೆಲ್ಲ ಹಾಡಿದ್ದನ್ನು ಕೇಳಿ ಕೇಳಿ ಬಾಯಿಗೆ ಬಂದಿರಬೇಕು.

‘ಗಾಡಿ ಬಿಟ್ಟಿತು, ನೆಪ್ಪು ಉಳೀತು.’

ನಾನು ಹಲ್ಲುಜ್ಜುವ ಬ್ರಶ್ ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟೆ. ನೆಪ್ಪು. ಮಾತ್ರೆ ಅಷ್ಟೇ, ಮೂರು. ಆದರೆ ಮೊದಲ ಅಕ್ಷರ ಒತ್ತಕ್ಷರದ ಹಿಂದೆ ಬಂದು ಗುರು ಆಗಿದೆ. ಅವ್ವ ಅಲ್ಲಿ ನಿಂತು, ರೊಟ್ಟಿ ತಿರುಗಿಸಿ, ಮುಂದೆ ಹೋದಳು. ‘ನೆಪ್ಪು ಉಳೀತು’ ಎಂಬ ತುಂಡನ್ನು ಮತ್ತೊಮ್ಮೆ ಹೇಳಿದಳು. ಆಮೇಲೆ ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರಿದಳು.

ಆ ರಾತ್ರಿಯೇ ಕೌದಿ ಕಟ್ಟಿದೆ. ಫ್ಯಾನ್ ಬಂದ್ ಮಾಡಿ, ಒಂದು ದೂರದ ಗಾಡಿ ಪೂರ್ತಿ ಹೋಗುವವರೆಗೆ ಕಾದೆ. ಆಮೇಲೆ ನೆಪ್ಪು ಅಂತಲೇ ಹಾಡಿದೆ.